ಕಿತ್ತಳೆ ಗುರುತು

ಮೇ ತಿಂಗಳು. ಹಿಮ ಇನ್ನೂ ಚರಂಡಿಯಲ್ಲಿ ಕೊಳಕಾಗಿ ಉಳಿದಿತ್ತು.
ಒಬ್ಬ ಹುಡುಗ ಬಂದು ನಮ್ಮ ಬೀದಿಯುದ್ದಕ್ಕೂ
ಕಿತ್ತಳೆ ಬಣ್ಣ ಚಿಮ್ಮಿಸುತ್ತ ಹೋದ,
ಇಲ್ಲಿ ಅಗೆಯಬಹುದು, ಇಲ್ಲಿ ಅಗೆಯಬಾರದು ಅಂತ.
ನಮ್ಮ ಮೆಟ್ಟಿಲ ಮುಂದೊಂದು ಬಾಣ ಬಿತ್ತು.
ಒವಿಲಾ ಅದನ್ನು ಬೂಟಿನ ತುದಿಯಿಂದ ಉಜ್ಜಿ ನೋಡಿದ.
ಹೋಗಲಿಲ್ಲ.

ನಮ್ಮದು ಕಂಪನಿ ಅಂದರೆ ಕಂಪನಿ:
ಲಾಂಡ್ರಿಯ ಹಿಂದಿನ ಕೋಣೆ, ಎರಡು ಮೇಜು, ಒಂದು ಕಪಾಟು,
ಕಪಾಟಿನಲ್ಲಿ ಮಿಣಮಿಣ ಪೆಟ್ಟಿಗೆಗಳು,
ಅವುಗಳ ಬೆಚ್ಚನೆ ನೆತ್ತಿಯ ಮೇಲೆ ಲಾಂಡ್ರಿಯವರ ಬೆಕ್ಕು.
ಕಾಗದದ ಗಿರಣಿ ಇದ್ದಾಗ ಮುನ್ನೂರ ಹನ್ನೊಂದು ಮನೆ,
ಅದು ಮುಚ್ಚಿದ ಮೇಲೆ ಇನ್ನೂರ ಅರವತ್ತು.
ಫೋನು ಎತ್ತುವವಳು ನಾನೇ,
ಬಿಲ್ಲು ಬರೆಯುವವಳೂ, ಬೈಸಿಕೊಳ್ಳುವವಳೂ.

ತಂತಿ ಟೆಲಿಫೋನಿನವರದು. ಕಂಬವೂ ಅವರದೇ.
ಮಾಲೀಕನ ನಡುಮನೆಯಲ್ಲಿ ಬಾಡಿಗೆಗೆ ಅಂಗಡಿ ಇಟ್ಟ ಹಾಗೆ;
ವ್ಯಾಪಾರ ಕುದುರಿದ ದಿನ
ಮಾಲೀಕನಿಗೂ ತಕ್ಕಡಿ ಹಿಡಿಯುವ ಮನಸ್ಸಾಗುತ್ತದೆ.

ಪತ್ರ ಬಂತು. ಮೊದಲ ಪುಟದಲ್ಲಿ ನಗುವ ಸಂಸಾರ,
ನಿಮ್ಮೂರಿಗೆ ಶುಭ ಸುದ್ದಿ.
ಎರಡನೆಯ ಪುಟದ ಅಡಿಯಲ್ಲಿ ಇರುವೆ ಸಾಲು:
ಹೊಸ ಗಾಜಿನ ನೂಲು ಬಾಡಿಗೆಗೆ ಇಲ್ಲ.
ಹಳೆಯ ತಾಮ್ರ ನಿಮಗೆ ಎಂದಿನಂತೆ, ಇರುವಷ್ಟು ದಿನ.
ಒವಿಲಾ ಫ್ರೆಂಚಿನಲ್ಲೊಮ್ಮೆ ಓದಿದ, ಇಂಗ್ಲಿಷಿನಲ್ಲೊಮ್ಮೆ.
ಎರಡರಲ್ಲೂ ಅಷ್ಟೇ ಸಣ್ಣಗಿತ್ತು.

ಆ ನೂಲು ಎಳೆದವನು ನನ್ನ ತಮ್ಮ ರೆಯಾಲ್.
ಇಪ್ಪತ್ತಾರು ವರ್ಷದಿಂದ ಅವರ ಕಂಬ ಹತ್ತುತ್ತಿದ್ದಾನೆ.
ಭಾನುವಾರ ಬಟಾಣಿ ಸೂಪಿನ ಮುಂದೆ ಕೂತು ಅಂದ,
ನಾನು ಎಳೆಯದಿದ್ದರೆ ಇನ್ನೊಬ್ಬ ಎಳೀತಾನೆ.
ಬೇಡ ಅಂತ ನಾನೆಲ್ಲಿ ಅಂದೆ?
ಬ್ರೆಡ್ಡು ಇತ್ತ ಕೊಡು.

ಮೊದಲು ಹೋದವರು ಆಟವಾಡುವ ಹುಡುಗರು.
ಆಮೇಲೆ ಹಲ್ಲಿನ ಡಾಕ್ಟರು, ಮೋಟೆಲು, ಶಾಲೆ.
ಪಾದ್ರಿ ಬಿಡುವಾಗ ಕ್ಷಮೆ ಕೇಳಿದರು,
ನಾನೇ ಪಾಪನಿವೇದನೆ ಕೇಳುತ್ತಿರುವ ಹಾಗೆ.
ಎರಡು ತಿಂಗಳು ಉಚಿತ ಅಂತೆ, ನೋಡು, ಅಂದರು.
ನೋಡಿದೆ, ಫಾದರ್.

ಈಗ ನನ್ನ ಪಾಪ.
ನವೆಂಬರಿನಲ್ಲಿ ನನ್ನ ಮನೆಗೂ ಹಾಕಿಸಿಕೊಂಡೆ.
ವೈಟ್‌ಹಾರ್ಸಿನಲ್ಲಿರುವ ಮೊಮ್ಮಗಳು ಇಷ್ಟು ದಿನ
ಚೌಕಚೌಕವಾಗಿ ಒಡೆದು, ಬಾಯಿ ತೆರೆದು ನಿಂತುಬಿಡುತ್ತಿದ್ದಳು.
ಅವತ್ತು ಅವಳ ಬಿದ್ದ ಹಲ್ಲುಗಳನ್ನು ಎಣಿಸಿದೆ:
ಮೇಲೆ ಎರಡು, ಕೆಳಗೆ ಒಂದು.
ವೇಗ ಅಂದರೆ ಏನು ಅಂತ
ಹದಿನೆಂಟು ವರ್ಷ ಅದನ್ನೇ ಮಾರಿದವಳಿಗೆ ಆಗ ಗೊತ್ತಾಯಿತು.
ಒವಿಲಾ ನನ್ನಂಗಳದ ಕಿತ್ತಳೆ ಗೆರೆ ಕಂಡಿರಬೇಕು.
ಏನೂ ಕೇಳಲಿಲ್ಲ. ಕಾಫಿಗೆ ಸಕ್ಕರೆ ಹಾಕುವುದನ್ನು ಮಾತ್ರ
ಎರಡು ದಿನ ಮರೆತ.

ಆದರೆ ಅವರ ಬಣ್ಣದ ನಕ್ಷೆ ಸೇತುವೆಗೆ ಮುಗಿಯುತ್ತದೆ.
ಆಚೆಗೆ ಬರೀ ಬಿಳಿ. ಆ ಬಿಳಿಯೊಳಗೆ ಒಂಬತ್ತು ಮನೆ.
ಕೊನೆಯದು ಜೆಫಿರೀನ್ ಗೆನೆತ್ ಅವರದು.
ತಾಮ್ರದ ತಂತಿ ಏದುಸಿರು ಬಿಡುತ್ತ ಅಲ್ಲಿಯವರೆಗೆ ಹೋಗುತ್ತದೆ;
ನೆನೆದರೆ ಕೆಮ್ಮುತ್ತದೆ.
ಮೊದಲ ಹನಿ ಬಿದ್ದ ಹತ್ತನೆಯ ನಿಮಿಷಕ್ಕೆ ಅವರ ಕರೆ:
ಏನಮ್ಮ, ನದಿಯ ಮಂಜುಗಡ್ಡೆಯ ವರದಿ ತೆರೆಯುತ್ತಿಲ್ಲವಲ್ಲ,
ನನ್ನ ಬಲೆ ಅಡಿಯಲ್ಲಿದೆ.

ಕಳೆದ ಶನಿವಾರ ರೆಯಾಲ್ ಅಲ್ಲಿಗೆ ಹೋಗಿದ್ದನಂತೆ,
ಕಂಪನಿಯ ಅಂಗಿ ಇಲ್ಲದೆ, ಕಂಪನಿಯ ಏಣಿಯೊಂದಿಗೆ.
ಬೇರೆಲ್ಲೋ ಕಿತ್ತ ತಾಮ್ರದ ಎರಡು ಮೊಳ ತಂದು
ಹಸಿರು ಹಿಡಿದ ಗಂಟನ್ನು ಕತ್ತರಿಸಿ ಬೆಸೆದು ಬಂದ.
ಪುಸ್ತಕದಲ್ಲಿ ಬರೀಬೇಡ, ಅಂದ.
ಬರೆಯಲಿಲ್ಲ.

ನಿನ್ನೆ ರಾತ್ರಿಯೆಲ್ಲ ಮಳೆ.
ಬೆಳಗಾದರೂ ಜೆಫಿರೀನ್ ಕರೆ ಬರಲಿಲ್ಲ.
ಕಪಾಟಿನಲ್ಲಿ ಉಳಿದದ್ದು ಒಂದೇ ಪೆಟ್ಟಿಗೆ,
ಬೆಕ್ಕು ಅದರ ಮೇಲೆ ಹಿಡಿಸದೆ ಬಾಲ ಇಳಿಬಿಟ್ಟಿದೆ.
ಹತ್ತು ಗಂಟೆಗೆ ನಾನೇ ಫೋನು ಮಾಡಿದೆ.
ಎಲ್ಲ ಸರಿ ಇದೆಯಾ?
ಸರಿ ಇದೆ, ಅಂದರು, ಯಾಕೆ,
ಏನಾದರೂ ಆಗಬೇಕಿತ್ತಾ?