ಅರೆಕ್ಷಣ ತಡ

ಕೊಲ್ಲಿಯ ನಡುವೆ ಕಬ್ಬಿಣದ ತೆಪ್ಪ, ಅದರ ಮೇಲೊಂದು ತಗಡಿನ ಕೋಣೆ.
ಕೆಳಗೆ ಬಲೆಯೊಳಗೆ ಲಕ್ಷ ಸಾಲ್ಮನ್ ಮೀನು
ಸುತ್ತಿದಲ್ಲೇ ಸುತ್ತುತ್ತವೆ, ಗಾಣಕ್ಕೆ ಕಟ್ಟಿದ ಹಾಗೆ.
ಹದಿನಾಲ್ಕು ದಿನ ಇಲ್ಲಿ ಕಾವಲು, ಹದಿನಾಲ್ಕು ದಿನ ಮನೆ:
ಇದು ನಿಬಾಲ್ದೊ ಬಾರ್ರಿಯಾನ ಪಾಲಿಗೆ ಬಂದ ತಿಂಗಳು.

ಮನೆ ಕಾಸ್ತ್ರೋದಲ್ಲಿ, ನೀರೊಳಗೆ ಕಂಬ ಊರಿ ನಿಂತದ್ದು.
ಭರತಕ್ಕೆ ದೋಣಿಯಾಗುತ್ತದೆ, ಇಳಿತಕ್ಕೆ ಕೊಕ್ಕರೆ.
ಮೆಟ್ಟಿಲ ಕೆಳಗೆ, ಆಲೂಗಡ್ಡೆ ಮೂಟೆಯ ಪಕ್ಕ, ಹಳೆಯ ಕಂಪ್ಯೂಟರ್.
ಅಲ್ಲಿಗೆ ದಾರಿ ಹಾಕಿಕೊಟ್ಟವನು ಮೀನಿನ ಡಾಕ್ಟರ ಸಹಾಯಕ ಎಲಿಯೆಸೆರ್:
"ಪಾಸ್‌ವರ್ಡು ಹೊಡಿ, ಇಲ್ಲಿ ಕೂತೇ ಅಲ್ಲಿ ಕೈಯಾಡಿಸು."
ಪಾಸ್‌ವರ್ಡು, ಮುಳುಗಿಹೋದ ನಮ್ಮ ದೋಣಿಯ ಹೆಸರು.

ಮೊದಲ ರಾತ್ರಿ ನಗು ಬಂತು.
ಇಲ್ಲಿ ಮೌಸು ಸರಿಸಿದರೆ ಅಲ್ಲಿ ಬಾಣ
ಅರೆಕ್ಷಣ ತಡವಾಗಿ ಹೊರಡುತ್ತದೆ,
ನಿದ್ದೆಗಣ್ಣಲ್ಲಿ ಎಬ್ಬಿಸಿದ ಹುಡುಗನನ್ನು ಅಂಗಡಿಗೆ ಕಳಿಸಿದ ಹಾಗೆ.
ಕರೆಂಟ್ ಬಿಲ್ಲು ಕಟ್ಟಿದೆ. ಲೈಸೆನ್ಸಿನ ಕಾಗದ ಹುಡುಕಿ ತೆಗೆದೆ.
ಬೇಡದ ಫೋಟೋ ಅಳಿಸಿದೆ, ಬೇಕಿದ್ದದ್ದೂ ಒಂದು ಹೋಯಿತು.
ಆಮೇಲೆ ಕೆಲಸವಿಲ್ಲದಿದ್ದರೂ ಹೋಗಿ ಬರುತ್ತಿದ್ದೆ,
ಹಾಕಿದ ಬೀಗವನ್ನೇ ಮತ್ತೆ ಜಗ್ಗಿ ನೋಡುವವರಂತೆ.

ಒಂಬತ್ತನೆಯ ರಾತ್ರಿ. ಬಡಗಾಳಿ ಏಳುತ್ತಿತ್ತು.
ತೆರೆದರೆ, ನಾನು ಮುಟ್ಟದೆಯೇ ಬಾಣ ಓಡಾಡುತ್ತಿದೆ.
ಮೈ ಜುಮ್ಮೆಂದಿತು. ಕಳ್ಳನೆಂದುಕೊಂಡೆ.
ಅಷ್ಟರಲ್ಲಿ ಅಕ್ಷರ ಮೂಡತೊಡಗಿದವು, ಒಂದೇ ಬೆರಳಿನ ನಡಿಗೆ:
ಒತಿಲಿಯಾ. ಪುಂತಾ ಅರೆನಾಸಿನ ಅಕ್ಕನಿಗೆ ಬರೆಯುತ್ತಿದ್ದಾಳೆ.

ಮುಚ್ಚಬೇಕಿತ್ತು.
ಬಾಗಿಲ ಸಂದಿಗೆ ಕಣ್ಣಿಟ್ಟವನಿಗೆ ಅದು ಗೊತ್ತಿರುತ್ತದೆ,
ಕಣ್ಣಿಗೆ ಗೊತ್ತಿರುವುದಿಲ್ಲ.

"ಅವನಿಲ್ಲದಾಗ ಹಾಸಿಗೆಯ ನಟ್ಟನಡುವೆ ಮಲಗುತ್ತೇನೆ, ಸೆಲ್ಮಿರಾ,
ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ.
ಹದಿನೈದನೆಯ ದಿನ ಗೋಡೆಯ ಬದಿಗೆ ಸರಿಯಬೇಕು.
ಅವನು ಒಳ್ಳೆಯವನೇ. ಮೀನಿನ ವಾಸನೆಯೂ ಅಭ್ಯಾಸವಾಗಿದೆ.
ಆದರೆ ನಡು"

ಅಲ್ಲಿ ನಿಂತಳು. ಗೆರೆ ಮಿಟುಕಿತು, ಮಿಟುಕಿತು.
ಉಸಿರು ಹಿಡಿದು ಕೂತಿದ್ದ ನನ್ನ ಮೊಣಕೈ
(ಮೊಣಕೈಯೋ, ನಾನೋ, ಇಂದಿಗೂ ಹೇಳಲಾರೆ)
ಮೌಸಿಗೆ ತಗುಲಿತು.
ಅವಳ ಮಾತಿನ ಮೇಲೆ ಬಾಣ ಹಾದುಹೋಯಿತು.

ಆ ಕಾಗದದಲ್ಲೇ, ಒಂದು ಸಾಲು ಬಿಟ್ಟು:
"ನೀನಾ?"

"ನಾ" ಎಂದು ಹೊಡೆದೆನೋ ಇಲ್ಲವೋ, ಪರದೆ ಕಪ್ಪಾಯಿತು.
ಸಂಪರ್ಕ ಕಡಿದಿದೆ, ಎಂದು ಯಂತ್ರದ ಶಾಸನ.
ಬಡಗಾಳಿಗೆ ಊರ ಕರೆಂಟೇ ಹೋಯಿತೋ,
ಅವಳೇ ಪ್ಲಗ್ಗು ಕಿತ್ತಳೋ.
ಫೋನು ಕೈಯಲ್ಲೇ ಇತ್ತು. ಕೇಳಿದರೆ ಕದ್ದು ಓದಿದ್ದು ಒಪ್ಪಿದ ಹಾಗೆ,
ಕೇಳದಿದ್ದರೆ ಎರಡು ಸಲ ಕದ್ದ ಹಾಗೆ.
ಉಳಿದ ಐದು ರಾತ್ರಿ ಆ ದಾರಿ ತುಳಿಯಲಿಲ್ಲ.
ಜನರೇಟರಿನ ಸದ್ದಿಗೆ ತಲೆ ಕೊಟ್ಟು,
ಕಿರುಮಂಚದಲ್ಲಿ ನಡು ಯಾವುದೆಂದು ಬೆನ್ನಿನಿಂದ ಹುಡುಕಿದೆ.

ಹದಿನೈದನೆಯ ದಿನ ಬೂಟು ಹೊರಗೆ ಬಿಟ್ಟು ಒಳಗೆ ಬಂದೆ.
ಚಿಪ್ಪುಮೀನಿನ ಸಾರು ಉಂಡೆವು. ಡೀಸೆಲ್ ಬೆಲೆ ಮಾತಾಡಿದೆವು,
ಬೆಕ್ಕಿನ ಕಿವಿಯ ಹುಣ್ಣು ಮಾತಾಡಿದೆವು.
ಮೆಟ್ಟಿಲ ಕೆಳಗೆ ತಂತಿ ಇದ್ದಲ್ಲೇ ಇತ್ತು,
ಮೂಟೆಯಲ್ಲಿ ಆಲೂಗಡ್ಡೆ ಮೊಳೆತಿತ್ತು.

ರಾತ್ರಿ ನಾನೇ ಮೊದಲು ಹೋಗಿ
ಗೋಡೆಗೆ ಮೂಗು ತಾಗುವಷ್ಟು ಒತ್ತಿ ಮಲಗಿದೆ.
ದೀಪವಾರಿಸಲು ಬಂದವಳು ಕೈಯೆತ್ತಿ ಹಾಗೇ ನಿಂತಳು.
"ಅದು ನನ್ನ ಜಾಗ," ಎಂದಳು.

ಏಳಲೋ ಬೇಡವೋ ತಿಳಿಯದೆ,
ಕಂಬಗಳ ನಡುವೆ ನೀರು ಏರುವುದನ್ನು ಕೇಳುತ್ತ
ಬಿದ್ದುಕೊಂಡಿದ್ದೆ.