ಬದಲಿ ಮಾರ್ಗ

ಹಾಸನದ ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಕೆಲಸ
ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರಕ್ಕೆ
ಕಣ್ಣೊರೆಸುವುದು.
ಮೂರು ಕ್ಯಾಮೆರಾ. ಕಪ್ಪು ಬೀಜ ಕಂಡರೆ
ಫುಸ್ಸೆಂದು ಗಾಳಿ ಊದಿ ಆಚೆಗೆ.
ಗಂಟೆಗೆ ಎರಡು ಟನ್ನು, ಆಕಳಿಕೆಯಿಲ್ಲ,
ಎಲೆಯಡಿಕೆಯಿಲ್ಲ, ಮಗಳ ಮದುವೆಯ ಮಾತಿಲ್ಲ.
ನನಗದು ಇಷ್ಟ. ಸುಳ್ಳು ಹೇಳಲಾರೆ.

ಜೈಬುನ್ನಿಸಾ ಕೂರುತ್ತಿದ್ದದ್ದು ಅದರ ಹಿಂದಿನ ಕಿಟಕಿಯಡಿ,
ಯಂತ್ರ ಬಿಟ್ಟದ್ದನ್ನು ಆರಿಸಲು.
ಇಪ್ಪತ್ತಾರು ವರ್ಷ, ಬಲಗೈ,
ತೋರುಬೆರಳ ತುದಿ ಕೊಕ್ಕಿನ ಹಾಗೆ.
ಒಂದು ಮಂಗಳವಾರ ಮೊರ ಕೈಜಾರಿತು,
ಬಾಯಿ ಒಂದು ಕಡೆಗೆ ವಾಲಿತು.
ದೊಡ್ಡಾಸ್ಪತ್ರೆಯಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದು
ಡಾಕ್ಟರು ತೋರಿಸಿದರಂತೆ: ಇಷ್ಟಗಲ ಜಾಗ ಸತ್ತಿದೆ.

ಏಳು ತಿಂಗಳ ಮೇಲೆ ಬಂದಳು.
ಮನೆಯಲ್ಲಿ ತಟ್ಟೆಗೆ ಅವರೆ ತೊಗರಿ ಸುರಿದುಕೊಂಡು
ದಿನಾ ಬೇರೆ ಮಾಡಿದಳಂತೆ ಎಡಗೈಯಲ್ಲಿ.
ಮೊಮ್ಮಗ ಬೆರೆಸುವುದು, ಇವಳು ಬೇರೆ ಮಾಡುವುದು;
ಅವನು ಬೇಜಾರಾಗಿ ಆಡಲು ಓಡಿದರೆ
ತಾನೇ ಬೆರೆಸಿಕೊಂಡು ಮತ್ತೆ.

'ಬೀಜ' ಅನ್ನುವ ಮಾತು ಮಾತ್ರ ವಾಪಸು ಬರಲಿಲ್ಲ.
ತುಟಿವರೆಗೆ ಬರುವುದು, ಅಲ್ಲೇ ನಿಲ್ಲುವುದು.
ಶಿರಾಡಿ ಕುಸಿದ ದಿನ ನಮ್ಮ ಮಂಗಳೂರು ಬಸ್ಸು
ಬೇಲೂರಿನ ಕಡೆ ತಿರುಗಿ, ಮೂಡಿಗೆರೆ ಹಾದು,
ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುವುದಿಲ್ಲವೇ,
ತಡವಾಗಿ, ವಾಂತಿ ಮಾಡಿಸಿಕೊಂಡು, ಆದರೂ...
ಹಾಗೆ ಎಲ್ಲೆಲ್ಲೋ ಸುತ್ತಿ ಒಂದು ದಿನ ಅವಳ ಬಾಯಿಂದ
'ಮಣಿ' ಎಂದು ಬಂತು.
'ಕರಿ ಮಣಿ ಜಾಸ್ತಿ ಐತೆ ಇವತ್ತು.'
ತಾಳಿಗೆ ಪೋಣಿಸು ಹಂಗಾರೆ, ಎಂದು ನಕ್ಕರು ಮಿಕ್ಕವರು.
ಈಗ ಆ ಕೋಣೆಯಲ್ಲಿ ಎಲ್ಲರೂ ಮಣಿ ಎನ್ನುತ್ತಾರೆ,
ಹೊಸದಾಗಿ ಸೇರಿದ ಹುಡುಗಿಯರಿಗೆ ಕಾರಣ ಗೊತ್ತಿಲ್ಲ.

ಯಂತ್ರದ ಎರಡನೇ ಕ್ಯಾಮೆರಾ ಸುಟ್ಟ ದಿನ
ಉಳಿದ ಎರಡು ಕಣ್ಣು ಚೆನ್ನಾಗೇ ಇದ್ದವು.
ಅವಕ್ಕೆ ಹೇಳಿದೆ, ನಿಜಕ್ಕೂ ಬಾಯಿಬಿಟ್ಟು ಹೇಳಿದೆ:
ಇವಳನ್ನು ನೋಡಿ ಕಲಿಯಿರಿ, ಚೂರು ವಾರೆಗಣ್ಣು ಬಿಡಿ,
ಪಕ್ಕದವನ ಪಾಲೂ ನೋಡಿ.
ಪರದೆಯ ಮೇಲೆ ಕೆಂಪು ಅಕ್ಷರ.
ಹದಿನೆಂಟು ದಿನ ಬಿಡಿಭಾಗಕ್ಕೆ ಕಾದು ನಿಂತೇ ಇತ್ತು.
ಬಂದು ಕೂರಿಸಿದ ಮೇಲೆ
ನಿಂತ ಜಾಗದಿಂದಲೇ ಶುರು.
ಆ ಹದಿನೆಂಟು ದಿನ ಅದಕ್ಕೆ ಆಗಿಯೇ ಇಲ್ಲ.
ಅದೂ ಒಂದು ಪುಣ್ಯವೇ ಇರಬಹುದು.

ಇವಳಿಗೆ ಎಲ್ಲ ಆಗಿದೆ. ಹಳೇ ಜೈಬುನ್ನಿಸಾ ಬಂದಿಲ್ಲ;
ಬಂದವಳು ಎಡಚಿ, ಸಿಡುಕಿ,
ಕಿರಿಮಗಳನ್ನು ಹಿರಿಯವಳ ಹೆಸರಲ್ಲಿ ಕರೆಯುವವಳು,
ಮೊದಲು ಮುಟ್ಟದ ಹಾಗಲಕಾಯನ್ನು
ಕೇಳಿ ಹಾಕಿಸಿಕೊಳ್ಳುವವಳು.

ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ಹಾಜರಿ ಯಂತ್ರ.
ಎಡ ಹೆಬ್ಬೆರಳು ಇಟ್ಟಳು, ದುಡಿಯುವ ಬೆರಳು.
ಹೊಂದಾಣಿಕೆಯಾಗುತ್ತಿಲ್ಲ, ಅಂದಿತು.
ಒರೆಸಿ ಇಟ್ಟಳು. ಹೊಂದಾಣಿಕೆಯಾಗುತ್ತಿಲ್ಲ.
ಹಿಂದೆ ಸಾಲು ಗೊಣಗಿತು.
ಆಗ ಎಡಗೈಯಿಂದ ಬಲಗೈಯನ್ನು
ಯಾರದೋ ಸಾಮಾನು ಎತ್ತಿಡುವ ಹಾಗೆ ಎತ್ತಿ,
ಮಡಚಿದ ಬೆರಳು ಬಿಡಿಸಿ, ಗಾಜಿನ ಮೇಲಿಟ್ಟಳು.
ಹಸಿರು ದೀಪ.
ಹೆಸರು, ನಂಬರು, ಎಲ್ಲ ಸರಿ.

'ನೋಡು ಮೇಸ್ತ್ರಿ,' ಅಂದಳು, ಸೊಟ್ಟ ನಕ್ಕು,
'ಇದಕ್ಕೆ ಹೋದೋಳದೇ ಗುರ್ತು.'
ಸೆರಗಿನ ಮರೆಗೆ ಕೈ ಸೇರಿಸಿ
ಮಣಿಗಳ ಕಡೆ ನಡೆದಳು.