ಎರಡೇ ಸೀಟು

ಇಪ್ಪತ್ತಾರು ವರ್ಷದ ಕೆಂಪು ಕಾರಿಗೆ ಎರಡೇ ಸೀಟು.
ಒಂದರಲ್ಲಿ ನಾನು, ಇನ್ನೊಂದರಲ್ಲಿ ಸ್ಪ್ಯಾನರ್ ಡಬ್ಬಿ.
ಹನ್ನೆರಡು ನಂಬರಿನದು ಮಾತ್ರ ಯಾವಾಗಲೂ ಕಾಣೆ.

ಮೈಯೆಲ್ಲ ಫೈಬರ್, ತುಕ್ಕಿನ ಮಾತೇ ಇಲ್ಲ ಎಂದು ಮಾರಿದ
ಕೂಡ್ಲಿನ ಆ ಮನುಷ್ಯ ಸುಳ್ಳೇನೂ ಹೇಳಿರಲಿಲ್ಲ.
ಅಡಿಗೆ ಮಲಗಿ ನೋಡು ಎಂದೂ ಹೇಳಿರಲಿಲ್ಲ.
ಉಪ್ಪುಗಾಳಿ ಕೆಳಗಿನಿಂದ ತಿನ್ನುತ್ತದೆ;
ಚಾಸಿಗೆ ಉಗುರು ತಾಗಿಸಿದರೆ
ಹಪ್ಪಳದ ಹಾಗೆ ಏಳುತ್ತದೆ ಪದರ.

ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ.
ಬೇರು ತೊಳೆಯುವ ಸೂಜಿ ಮೊಂಡಾದರೆ ಎಸೆಯುವುದಿಲ್ಲ,
ಕುದಿಸಿ ಮನೆಗೆ ತರುತ್ತೇನೆ.
ಕಾರ್ಬ್ಯುರೇಟರಿನ ಜೆಟ್ಟಿನೊಳಗೆ
ಮೆಲ್ಲಗೆ, ಹಿತ್ತಾಳೆ ಗೀರದ ಹಾಗೆ, ತಿರುವುತ್ತ
"ಬಾಯಿ ದೊಡ್ಡದು ಮಾಡಿ" ಅನ್ನುತ್ತೇನೆ, ಅಭ್ಯಾಸ.

ಬಾನೆಟ್ಟಿನ ಬಿರುಕಿಗೆ ಯಾವ ಮೆಕ್ಯಾನಿಕ್ಕೂ ಕೈಹಾಕಲಿಲ್ಲ.
ಕಸಬಾ ಕಡಪ್ಪುರದಲ್ಲಿ ದೋಣಿಗೆ ತೇಪೆ ಹಾಕುವ ಅಂಬಾಡಿ
ಎರಡು ಸುತ್ತು ಬಂದ, ಬೆರಳಿನಿಂದ ತಟ್ಟಿದ,
"ಇದರಲ್ಲಿ ಎಷ್ಟು ಜನ ಹಿಡೀತದೆ?" ಕೇಳಿದ.
ಇಬ್ಬರು, ಅಂದೆ.
ನಗುತ್ತಲೇ ರಾಳ ಕಲಸಿದ, ಗಾಜುನೂಲಿನ ಬಟ್ಟೆ ಹಾಸಿದ.
"ಇನ್ನು ನೀರಿಗೆ ಬಿಟ್ಟರೂ ಮುಳುಗುದಿಲ್ಲ."
ಅವನಲ್ಲಿದ್ದದ್ದು ನೀಲಿ ಬಣ್ಣ ಒಂದೇ.

ನಿನ್ನೆ ಚಂದ್ರಗಿರಿ ಸೇತುವೆಯ ನಟ್ಟನಡುವೆ
ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.
ಹಿಂದೆ ಬಸ್ಸು, ಅದರ ಹಿಂದೆ ಮೀನಿನ ಲಾರಿ,
ಊರಲ್ಲಿರುವಷ್ಟೂ ಭಾಷೆಯ ಬೈಗುಳ.
ಬಾನೆಟ್ಟೆತ್ತಿ, ಕೈಯೆಲ್ಲ ಎಣ್ಣೆ, ಬಗ್ಗಿದ್ದೆ.
ಕಂಡಕ್ಟರ್ ಇಳಿದು ಬಂದ,
ಬೈಯಲಿಕ್ಕೆಂದೇ ಬಂದವನು
ಏನನ್ನಿಸಿತೋ, ಪಕ್ಕದ ಸೀಟಿನ ಡಬ್ಬಿ ಎತ್ತಿಕೊಟ್ಟ.

ಅದರಡಿಯಲ್ಲೇ ಇತ್ತು, ಹನ್ನೆರಡು.